ಲಂಡನ್ನಿನಲ್ಲಿ ಒಂದು ದಿನ: ಯಾವ ಮ್ಯೂಸಿಯಂ, ಎಲ್ಲಿ ಊಟ?

ಮಗಳ ಮನೆಗೆಂದು ಬಂದ ತಂದೆತಾಯಿ, ಕಂಪನಿ ಕೆಲಸಕ್ಕೆ ಬಂದು ಒಂದು ಶನಿವಾರ ಉಳಿಸಿಕೊಂಡವರು, ಯುರೋಪ್ ಪ್ರವಾಸದ ಕೊನೆಯಲ್ಲಿ ಲಂಡನ್ನಿಗೆ ಒಂದೇ ದಿನ ಇಟ್ಟುಕೊಂಡವರು. ಎಲ್ಲರ ಪ್ರಶ್ನೆಯೂ ಹೆಚ್ಚು ಕಡಿಮೆ ಒಂದೇ. ಒಂದು ಒಳ್ಳೆಯ ಮ್ಯೂಸಿಯಂ ನೋಡಬೇಕು, ಅಲ್ಲಿನ ಊಟದ ರುಚಿಯನ್ನೂ ನೋಡಬೇಕು. ಬ್ರಿಟಿಷ್ ಮ್ಯೂಸಿಯಮ್ಮೋ, ಸೌತ್ ಕೆನ್ಸಿಂಗ್ಟನ್ನೋ, ಟೇಟ್ ಮಾಡರ್ನೋ, ಗ್ರೀನಿಚ್ಚೋ?

ನನ್ನ ಸಲಹೆ ಇಷ್ಟು: ಮಧ್ಯಾಹ್ನದ ಊಟ ಎಲ್ಲಿ ಎಂಬುದನ್ನು ಮೊದಲು ಗೊತ್ತುಮಾಡಿಕೊಳ್ಳಿ. ಮ್ಯೂಸಿಯಂ ಅದರ ಹಿಂದೆ ಬರಲಿ. ಕೇಳಲು ವಿಚಿತ್ರವೆನಿಸಬಹುದು, ಆದರೆ ಬೇರೆ ಊರುಗಳಲ್ಲಿ ನಡೆಯದ ಈ ಕ್ರಮ ಲಂಡನ್ನಿನಲ್ಲಿ ನಡೆಯುತ್ತದೆ. ಅಲ್ಲಿನ ದೊಡ್ಡ ರಾಷ್ಟ್ರೀಯ ಮ್ಯೂಸಿಯಂಗಳ ಕಾಯಂ ಸಂಗ್ರಹ ನೋಡಲು ಟಿಕೆಟ್ ದುಡ್ಡು ಕೊಡಬೇಕಿಲ್ಲ. ಬ್ರಿಟಿಷ್ ಮ್ಯೂಸಿಯಂ 1759ರಲ್ಲಿ ಬಾಗಿಲು ತೆರೆದಾಗಲೇ ಪ್ರವೇಶ ಉಚಿತವಾಗಿತ್ತು. ನಡುವೆ ಶುಲ್ಕ ಹಾಕಿದ್ದ ರಾಷ್ಟ್ರೀಯ ಮ್ಯೂಸಿಯಂಗಳೂ 2001ರ ಡಿಸೆಂಬರ್‌ನಿಂದ ಅದನ್ನು ಕೈಬಿಟ್ಟವು. ಪ್ಯಾರಿಸ್ಸಿನಲ್ಲೋ ರೋಮಿನಲ್ಲೋ ಟಿಕೆಟ್ಟಿಗೆ ಕೊಟ್ಟ ಹಣ ವಸೂಲಾಗಬೇಕೆಂದು ಕಾಲು ಸೋತರೂ ಕೊನೆಯ ಕೋಣೆಯವರೆಗೆ ನಡೆಯುತ್ತೇವೆ. ಲಂಡನ್ನಿನಲ್ಲಿ ಆ ಒತ್ತಡವೇ ಇಲ್ಲ. ಎರಡು ಗಂಟೆ ನೋಡಿ, ಹೊಟ್ಟೆ ಹಸಿದಾಗ ಎದ್ದು ಹೊರಗೆ ಬರಬಹುದು, ಮನಸ್ಸಾದರೆ ಊಟದ ನಂತರ ಮತ್ತೆ ಒಳಗೆ ಹೋಗಬಹುದು. ಖರ್ಚಾಗುವುದು ಊಟಕ್ಕೆ, ಓಡಾಟಕ್ಕೆ ಮತ್ತು ನಿಮ್ಮ ಕಾಲಿನ ಶಕ್ತಿಗೆ. ಹಾಗಾಗಿ ಆಯ್ಕೆಯೂ ಅವುಗಳ ಮೇಲೆಯೇ ನಿಲ್ಲಬೇಕು.

ಯಾವುದನ್ನು ನೋಡಿ ಆರಿಸಬೇಕು

ಮೊದಲನೆಯದು ಕಾಲು. ಮ್ಯೂಸಿಯಂ ಒಳಗಿನ ನಡಿಗೆ ರಸ್ತೆಯ ನಡಿಗೆಗಿಂತ ಹೆಚ್ಚು ದಣಿಸುತ್ತದೆ, ಏಕೆಂದರೆ ಅದು ನಿಂತು, ಎರಡು ಹೆಜ್ಜೆ ಇಟ್ಟು, ಮತ್ತೆ ನಿಲ್ಲುವ ನಡಿಗೆ. ಅದಕ್ಕೆ ಮೊದಲು ಟ್ಯೂಬ್ ಎಂಬ ನೆಲದಡಿಯ ರೈಲಿನ ಮೆಟ್ಟಿಲುಗಳಿವೆ. ಮಂಡಿ ನೋವಿರುವವರಿಗೆ ನಿಲ್ದಾಣದಲ್ಲಿ ಲಿಫ್ಟ್ ಇದೆಯೇ ಎಂಬುದು ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿರುವ ಈಜಿಪ್ಟಿನ ಹೆಸರಾಂತ ಶಾಸನ ರೊಸೆಟ್ಟಾ ಶಿಲೆಗಿಂತ ದೊಡ್ಡ ವಿಷಯ. ಎರಡನೆಯದು ಊಟ: ಸಸ್ಯಾಹಾರವೋ ಮಾಂಸಾಹಾರವೋ, ಮೊಟ್ಟೆ ನಡೆಯುತ್ತದೆಯೋ ಇಲ್ಲವೋ, ಕುಳಿತು ತಿನ್ನಬೇಕೋ ನಿಂತು ತಿಂದರೂ ಸರಿಯೋ. ಮೂರನೆಯದು ಜೊತೆಗೆ ಯಾರಿದ್ದಾರೆ ಎಂಬುದು. ನಾಲ್ಕನೆಯದು ವಾರದ ದಿನ. ಕೆಲವು ಕಡೆ ಸೋಮವಾರ ಹೋದರೆ ಅರ್ಧ ದಿನವೇ ಕೈತಪ್ಪುತ್ತದೆ, ಕೆಲವು ಕಡೆ ಶುಕ್ರವಾರ ಹೋದರೆ ಸಂಜೆಯೂ ಸಿಗುತ್ತದೆ.

ಖರ್ಚಿನ ಲೆಕ್ಕ ಎಲ್ಲ ಆಯ್ಕೆಗಳಿಗೂ ಸುಮಾರಾಗಿ ಒಂದೇ. ಸೂಪರ್ ಮಾರ್ಕೆಟ್‌ಗಳಲ್ಲಿ ಒಂದು ಸ್ಯಾಂಡ್‌ವಿಚ್, ಒಂದು ತಿಂಡಿ, ಒಂದು ಪಾನೀಯ ಸೇರಿಸಿ ನಾಲ್ಕೈದು ಪೌಂಡಿಗೆ ಕೊಡುವ ‘ಮೀಲ್ ಡೀಲ್’ ಎಲ್ಲಕ್ಕಿಂತ ಅಗ್ಗ. ಮಾರುಕಟ್ಟೆಯ ಮಳಿಗೆಗಳಲ್ಲಿ ಒಂದು ತಟ್ಟೆಗೆ ಹತ್ತು ಪೌಂಡಿನ ಆಸುಪಾಸು, ಪಬ್ಬಿನಲ್ಲಿ ಕುಳಿತು ಒಂದು ಮುಖ್ಯ ಖಾದ್ಯ ತಿಂದರೆ ಹದಿನೈದರಿಂದ ಇಪ್ಪತ್ತು. ಹೋಟೆಲುಗಳ ಅದ್ಧೂರಿ ‘ಆಫ್ಟರ್‌ನೂನ್ ಟೀ’ಗೆ ಐವತ್ತು ಪೌಂಡ್ ದಾಟುವುದು ಸಾಮಾನ್ಯ. ಒಂದು ದಿನದ ಪ್ರವಾಸದಲ್ಲಿ ಅದು ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ. ಅದೇ ಸ್ಕೋನ್ (ಚಹಾದ ಜೊತೆ ತಿನ್ನುವ ಸಣ್ಣ ಬನ್ನು), ಅದೇ ಚಹಾ ಎಷ್ಟು ಚೆಂದದ ಜಾಗದಲ್ಲಿ ಎಷ್ಟು ಕಡಿಮೆಗೆ ಸಿಗುತ್ತದೆ ಎಂಬುದನ್ನು ಮುಂದೆ ಹೇಳುತ್ತೇನೆ.

ಸಸ್ಯಾಹಾರಿಗಳು ಮೊದಲೇ ತಿಳಿದಿರಬೇಕಾದದ್ದು

ಬ್ರಿಟನ್ನಿನಲ್ಲಿ ‘ವೆಜಿಟೇರಿಯನ್’ ಎಂದರೆ ಮೊಟ್ಟೆ ಇರಬಹುದು. ಮೊಟ್ಟೆ ತಿನ್ನದವರು ‘ವೀಗನ್’ ಎಂದು ಕೇಳುವುದೇ ಸುಲಭದ ದಾರಿ. ಅದರಲ್ಲಿ ಹಾಲು, ತುಪ್ಪ, ಚೀಸ್ ಕೂಡ ಇರುವುದಿಲ್ಲ, ಅಷ್ಟೇ ನಷ್ಟ. ಹಾಲು ಬೇಕು ಮೊಟ್ಟೆ ಬೇಡ ಎನ್ನುವವರಿಗೂ ಉಪಾಯವಿದೆ. ಅಲರ್ಜಿ ತರಬಲ್ಲ 14 ಪದಾರ್ಥಗಳನ್ನು ತಿಳಿಸುವುದು ಅಲ್ಲಿ ಕಾನೂನಿನ ಕಡ್ಡಾಯ, ಮೊಟ್ಟೆ ಅದರಲ್ಲೊಂದು. ಪೊಟ್ಟಣದ ಮೇಲಿನ ಪದಾರ್ಥಗಳ ಪಟ್ಟಿಯಲ್ಲಿ ಅದನ್ನು ಎದ್ದು ಕಾಣುವಂತೆ ಅಚ್ಚು ಹಾಕಿರುತ್ತಾರೆ. ಹೋಟೆಲಿನಲ್ಲಿಯೂ ಅಲರ್ಜಿ ಪಟ್ಟಿ ತೋರಿಸಿ ಎಂದು ಕೇಳಬಹುದು. ಸಂಕೋಚ ಬೇಡ, ಅಲ್ಲಿ ಅದು ದಿನನಿತ್ಯದ ಪ್ರಶ್ನೆ.

ಆಲೂಗಡ್ಡೆಯ ಚಿಪ್ಸ್ ಸಸ್ಯಾಹಾರವೆಂದು ಸುಮ್ಮನೆ ನಂಬಬೇಡಿ. ಮೀನಿನ ಅಂಗಡಿಗಳಲ್ಲಿ ಮೀನು ಕರಿದ ಎಣ್ಣೆಯಲ್ಲೇ ಅದನ್ನೂ ಕರಿಯುವುದುಂಟು, ಕೆಲವೆಡೆ ದನದ ಕೊಬ್ಬನ್ನೂ ಬಳಸುತ್ತಾರೆ. ಯಾವುದರಲ್ಲಿ ಕರಿಯುತ್ತೀರಿ ಎಂದು ಕೇಳಿಯೇ ಕೊಳ್ಳಿ. ಕಂದು ಬಣ್ಣದ ಗ್ರೇವಿಯಲ್ಲಿ ಸಾಮಾನ್ಯವಾಗಿ ಮಾಂಸದ ರಸವಿರುತ್ತದೆ. ಮಾಂಸ ತಿಂದರೂ ದನದ ಮಾಂಸ ಬೇಡವೆನ್ನುವವರು ಒಂದು ವ್ಯತ್ಯಾಸ ನೆನಪಿಟ್ಟುಕೊಳ್ಳಿ: ‘ಶೆಪರ್ಡ್ಸ್ ಪೈ’ ಕುರಿಮಾಂಸದ್ದು, ನೋಡಲು ಅದರಂತೆಯೇ ಇರುವ ‘ಕಾಟೇಜ್ ಪೈ’ ದನದ್ದು.

ಹಾಗಾದರೆ ಸಸ್ಯಾಹಾರಿ ತಿನ್ನುವುದೇನು? ‘ಜಾಕೆಟ್ ಪೊಟ್ಯಾಟೊ’ ಅಂದರೆ ಸಿಪ್ಪೆ ಸಮೇತ ಸುಟ್ಟ ದೊಡ್ಡ ಆಲೂಗಡ್ಡೆ. ಅದನ್ನು ಸೀಳಿ ಬೆಣ್ಣೆ ಹಾಕಿ, ಮೇಲೆ ಟೊಮೆಟೊ ರಸದ ಬೀನ್ಸ್ ಸುರಿದು, ಚೆಡ್ಡಾರ್ ಚೀಸ್ ತುರಿದು ಕೊಡುತ್ತಾರೆ. ಚಳಿಯ ದಿನಕ್ಕೆ ಹೊಟ್ಟೆ ತುಂಬುವ, ಅಗ್ಗದ, ನಿಜಕ್ಕೂ ಅಲ್ಲಿನವರೇ ತಿನ್ನುವ ಊಟ. ಹಿಟ್ಟಿನ ಹೊದಿಕೆಯೊಳಗೆ ಚೀಸ್ ಮತ್ತು ಈರುಳ್ಳಿ ತುಂಬಿ ಬೇಯಿಸಿದ ಪೇಸ್ಟಿ, ಅಂಥದ್ದೇ ಅಣಬೆಯ ಪೈ, ಬ್ರೆಡ್ಡು-ಚೀಸು-ಉಪ್ಪಿನಕಾಯಿಯ ‘ಪ್ಲೌಮನ್ಸ್ ಲಂಚ್’ ಇವೂ ಇವೆ. ಬ್ರಿಟನ್ನಿನಲ್ಲಿ ಸಸ್ಯಾಹಾರಿಗೆ ಊಟವಿಲ್ಲವೆಂಬ ಮಾತು ಹಳೆಯದಾಯಿತು.

ಸೌತ್ ಕೆನ್ಸಿಂಗ್ಟನ್: ಮೂರು ಮ್ಯೂಸಿಯಂ, ಒಂದು ಚಹಾ

ಮೊದಲ ಬಾರಿ ಲಂಡನ್ನಿಗೆ ಬಂದವರಿಗೆ, ಅದರಲ್ಲೂ ಮೂರು ತಲೆಮಾರಿನ ಕುಟುಂಬಕ್ಕೆ, ನನ್ನ ಮೊದಲ ಆಯ್ಕೆ ಇದು. ಕಲೆ, ವಿನ್ಯಾಸದ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ, ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ, ಸೈನ್ಸ್ ಮ್ಯೂಸಿಯಂ ಒಂದಕ್ಕೊಂದು ರಸ್ತೆ ದಾಟುವಷ್ಟು ದೂರದಲ್ಲಿವೆ. ಮಕ್ಕಳನ್ನು ಕರೆದುಕೊಂಡು ಒಬ್ಬರು ನೀಲಿ ತಿಮಿಂಗಿಲದ 25 ಮೀಟರ್ ಉದ್ದದ ಅಸ್ಥಿಪಂಜರ ತೂಗುವ ಸಭಾಂಗಣಕ್ಕೋ, ಚಂದ್ರನನ್ನು ಸುತ್ತಿ ಬಂದ ಅಪೋಲೊ 10ರ ಕೋಶ ಇರುವ ಸೈನ್ಸ್ ಮ್ಯೂಸಿಯಮ್ಮಿಗೋ ಹೋಗಬಹುದು. ಹಿರಿಯರು ವಿಕ್ಟೋರಿಯಾ ಅಂಡ್ ಆಲ್ಬರ್ಟ್‌ನಲ್ಲಿ ನಿಧಾನವಾಗಿ ಕುಳಿತು ನೋಡಬಹುದು. ಊಟದ ಹೊತ್ತಿಗೆ ಎಲ್ಲರೂ ಒಂದೆಡೆ ಸೇರಬಹುದು. ಬೇರೆ ಯಾವ ಆಯ್ಕೆಯಲ್ಲೂ ಈ ಅನುಕೂಲ ಇಷ್ಟು ಸಲೀಸಾಗಿ ಸಿಗುವುದಿಲ್ಲ.

ಕನ್ನಡದವರಿಗೆ ಇಲ್ಲಿ ಇನ್ನೊಂದು ಕಾರಣವಿದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಅರಮನೆಯಿಂದ ಹೊತ್ತೊಯ್ದ ಟಿಪ್ಪುವಿನ ಹುಲಿ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನದು. ಚಿತ್ರಗಳಲ್ಲಿ ನೋಡಿ ಅದನ್ನೊಂದು ಆಟಿಕೆ ಎಂದುಕೊಂಡವರು ಎದುರು ನಿಂತಾಗ ಬೆಚ್ಚುತ್ತಾರೆ. ಬಣ್ಣ ಬಳಿದ ಮರದ ಹುಲಿ ಹೆಚ್ಚು ಕಡಿಮೆ ನಿಜವಾದ ಹುಲಿಯಷ್ಟೇ ದೊಡ್ಡದು. ಅದರ ಕೆಳಗೆ ಅಂಗಾತ ಬಿದ್ದ ಐರೋಪ್ಯನ ಕುತ್ತಿಗೆಗೆ ಅದು ಬಾಯಿ ಹಾಕಿದೆ, ಅವನ ಒಂದು ಕೈ ಬಾಯಿಯ ಬಳಿಗೆ ಎತ್ತಿದೆ. ಹುಲಿಯ ಪಕ್ಕೆಯಲ್ಲಿ ಒಂದು ಹಿಡಿ. ಅದನ್ನು ತಿರುಗಿಸಿದರೆ ಆ ಕೈ ಏರಿಳಿಯುತ್ತಿತ್ತು, ಒಳಗಿನ ತಿದಿಯಿಂದ ನರಳಾಟ ಮತ್ತು ಘರ್ಜನೆ ಹೊರಡುತ್ತಿದ್ದವು. ಪಕ್ಕೆಯ ಮುಚ್ಚಳ ತೆಗೆದರೆ ನುಡಿಸುವ ಮಣೆಯೂ ಇದೆ. ಶ್ರೀರಂಗಪಟ್ಟಣದ ಮಣ್ಣಿನ ವಸ್ತುವೊಂದು ಈ ಗಾಜಿನ ಹಿಂದೆ ನಿಂತಿರುವುದನ್ನು ನೋಡುವಾಗ ನನಗೆ ಸಿಟ್ಟು ಬರುತ್ತದೆ, ಅದನ್ನು ಕಣ್ಣಾರೆ ಕಂಡ ಸಂತೋಷವೂ ಆಗುತ್ತದೆ. ಇದೊಂದನ್ನೇ ನೋಡಲು ಹೋಗುವವರು ಅದು ಆ ದಿನ ಪ್ರದರ್ಶನದಲ್ಲಿದೆಯೇ ಎಂದು ಮ್ಯೂಸಿಯಂ ಜಾಲತಾಣದಲ್ಲಿ ನೋಡಿಕೊಂಡೇ ಹೊರಡಿ. ಗ್ಯಾಲರಿಗಳ ನವೀಕರಣ ನಡೆಯುವಾಗ ವಸ್ತುಗಳು ಜಾಗ ಬದಲಿಸುತ್ತವೆ.

ಇನ್ನು ಚಹಾ. ಮ್ಯೂಸಿಯಂ ಒಳಗೇ ಉಪಾಹಾರ ಗೃಹ ಇರಬೇಕೆಂಬ ಯೋಚನೆ ಜಗತ್ತಿನಲ್ಲಿ ಮೊದಲು ಹುಟ್ಟಿದ್ದು ಇಲ್ಲಿ, 1860ರ ದಶಕದಲ್ಲಿ. ಆಗ ಅಲಂಕರಿಸಿದ ಮೂರು ಕೋಣೆಗಳಲ್ಲೇ ಇವತ್ತಿಗೂ ತಟ್ಟೆ ಹಿಡಿದು ಕೂರಬಹುದು. ಒಂದು ಕೋಣೆಯ ಗೋಡೆ, ಕಂಬಗಳೆಲ್ಲ ಹೊಳೆಯುವ ಪಿಂಗಾಣಿ ಬಿಲ್ಲೆಗಳಿಂದ ತುಂಬಿವೆ, ಇನ್ನೊಂದರದು ವಿನ್ಯಾಸಕಾರ ವಿಲಿಯಂ ಮಾರಿಸ್‌ನ ಹಸಿರು ಅಲಂಕಾರ. ಇಲ್ಲಿ ಒಂದು ಸ್ಕೋನ್, ಗಟ್ಟಿ ಕೆನೆ, ಜಾಮ್ ಮತ್ತು ಚಹಾ ತೆಗೆದುಕೊಂಡರೆ ಹೋಟೆಲಿನ ಐವತ್ತು ಪೌಂಡಿನ ಚಹಾಕೂಟದ ತಿರುಳೆಲ್ಲ ಸಿಕ್ಕಂತೆ, ಖರ್ಚು ಅದರ ಒಂದು ಸಣ್ಣ ಭಾಗ. ಸ್ಕೋನ್ ಮೇಲೆ ಹೊಳಪಿಗೆ ಮೊಟ್ಟೆ ಬಳಿಯುವುದುಂಟು, ಬೇಡದವರು ಕೇಳಿಕೊಳ್ಳಿ.

ಕೊರತೆಗಳೂ ಇವೆ. ಚಹಾ ಬಿಟ್ಟರೆ ಈ ಬಡಾವಣೆಯ ಹೋಟೆಲುಗಳು ದುಬಾರಿ, ವಿಶೇಷವಾದ ಸ್ಥಳೀಯ ರುಚಿಯೂ ಇಲ್ಲ. ಶಾಲೆಯ ರಜಾ ದಿನಗಳಲ್ಲಿ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಮ್ಮಿನ ಬಾಗಿಲಲ್ಲಿ ಉದ್ದ ಸಾಲು. ಟ್ಯೂಬ್ ನಿಲ್ದಾಣದಲ್ಲಿ ಮೆಟ್ಟಿಲುಗಳಿವೆ, ಆದರೆ ಅಲ್ಲಿಂದ ಮ್ಯೂಸಿಯಂಗಳ ಕಡೆಗೆ ನೆಲದಡಿಯ ಸುರಂಗ ಮಾರ್ಗವಿರುವುದರಿಂದ ಮಳೆಯಲ್ಲಿ ನೆನೆಯುವುದಿಲ್ಲ. ಹೀಥ್ರೂ ವಿಮಾನ ನಿಲ್ದಾಣದಿಂದ ಪಿಕಾಡಿಲಿ ಮಾರ್ಗದ ರೈಲು ನೇರವಾಗಿ ಇಲ್ಲಿಗೇ ಬರುತ್ತದೆ.

ಬ್ರಿಟಿಷ್ ಮ್ಯೂಸಿಯಂ: ನೋಟ ಅಪಾರ, ಊಟಕ್ಕೆ ನಡೆಯಬೇಕು

ಇತಿಹಾಸದ ಹುಚ್ಚಿರುವವರಿಗೆ ಇದಕ್ಕೆ ಸಾಟಿಯಿಲ್ಲ. ಆದರೆ ಸಂಗ್ರಹದಲ್ಲಿ ಸುಮಾರು 80 ಲಕ್ಷ ವಸ್ತುಗಳಿರುವ ಸಂಸ್ಥೆಯನ್ನು ‘ಪೂರ್ತಿ ನೋಡುತ್ತೇವೆ’ ಎಂದು ಹೊರಡುವವರು ಮಧ್ಯಾಹ್ನದ ಹೊತ್ತಿಗೆ ಏನನ್ನೂ ನೋಡಲಾರದ ಸ್ಥಿತಿಗೆ ಬಂದಿರುತ್ತಾರೆ. ನಾಲ್ಕು ವಸ್ತುಗಳನ್ನು ಗುರುತು ಹಾಕಿಕೊಂಡು ಹೋಗಿ. ರೊಸೆಟ್ಟಾ ಶಿಲೆಯ ಮುಂದೆ ಜನಜಂಗುಳಿ ಇದ್ದೇ ಇರುತ್ತದೆ, ಬಾಗಿಲು ತೆರೆದ ಕೂಡಲೇ ಅಲ್ಲಿಗೆ ಹೋಗುವುದು ಲೇಸು. ಅಲ್ಲಿಂದ ಹತ್ತಿರದಲ್ಲೇ ಅಸ್ಸೀರಿಯಾದ ಸಿಂಹಬೇಟೆಯ ಶಿಲ್ಪಫಲಕಗಳಿವೆ, ಈಗಿನ ಇರಾಕಿನ ನಿನೆವೆಯಿಂದ ತಂದವು, ಕ್ರಿ.ಪೂ. 645ರ ಸುಮಾರಿನವು. ಬೆನ್ನಿಗೆ ಬಾಣ ನಾಟಿ, ಸತ್ತ ಹಿಂಗಾಲುಗಳನ್ನು ಎಳೆದುಕೊಂಡು, ಮುಂಗಾಲಿನ ಮೇಲೆ ಎದ್ದು ಗರ್ಜಿಸುವ ಹೆಣ್ಣು ಸಿಂಹವೊಂದು ಅಲ್ಲಿದೆ. ರಾಜನ ಪರಾಕ್ರಮ ತೋರಿಸಲು ಕೆತ್ತಿದ ಶಿಲ್ಪಿಯ ಮನಸ್ಸು ಪ್ರಾಣಿಯ ಕಡೆಗೇ ಇತ್ತೇನೋ ಎನ್ನಿಸುವಂತಿದೆ. ನಮ್ಮ ನೆರೆಯ ಆಂಧ್ರದ ಅಮರಾವತಿ ಸ್ತೂಪದ ಸುಣ್ಣಕಲ್ಲಿನ ಫಲಕಗಳು 33ಎ ಕೋಣೆಯಲ್ಲಿವೆ. ಕಲಬುರಗಿ ಜಿಲ್ಲೆಯ ಬೌದ್ಧ ನೆಲೆ ಸನ್ನತಿಯನ್ನು ನೋಡಿರುವವರು ತಪ್ಪಿಸಬಾರದು.

ಊಟದ ವಿಷಯದಲ್ಲಿ ಇದು ಹಿಂದೆ. ಮ್ಯೂಸಿಯಮ್ಮಿನ ಸುತ್ತಲಿನ ಅಂಗಡಿಗಳು ಬಹುಪಾಲು ಪ್ರವಾಸಿಗರನ್ನೇ ನಂಬಿಕೊಂಡಿವೆ. ಇಪ್ಪತ್ತು ನಿಮಿಷ ಉತ್ತರಕ್ಕೆ ನಡೆದರೆ ಯೂಸ್ಟನ್ ನಿಲ್ದಾಣದ ಬಳಿ ಡ್ರಮಂಡ್ ಸ್ಟ್ರೀಟ್ ಸಿಗುತ್ತದೆ. 1970ರ ದಶಕದಿಂದ ಭೇಲ್ ಪುರಿ, ದೋಸೆ, ಥಾಲಿ ಕೊಡುತ್ತ ಬಂದ ಬೀದಿ ಅದು. ‘ಲಂಡನ್ನಿಗೆ ಬಂದು ದೋಸೆ ತಿನ್ನಬೇಕೇ?’ ಎಂದು ಕೇಳಬಹುದು. ಅರ್ಧ ಶತಮಾನದಿಂದ ಆ ಊರಿನವರೂ ಕುಳಿತು ತಿನ್ನುತ್ತಿರುವ ಊಟ ಆ ಊರಿನದೇ ಎಂದು ನಾನು ಎಣಿಸುತ್ತೇನೆ. ಹೊರಗಿನ ಊಟ ಒಗ್ಗದ ಹಿರಿಯರ ಪಾಲಿಗಂತೂ ಈ ಬೀದಿಯೇ ಬ್ರಿಟಿಷ್ ಮ್ಯೂಸಿಯಂ ಆರಿಸಲು ಸಾಕಷ್ಟು ಕಾರಣ. ಶುಕ್ರವಾರವಾದರೆ ಮ್ಯೂಸಿಯಂ ರಾತ್ರಿ ಎಂಟೂವರೆಯವರೆಗೆ ತೆರೆದಿರುವುದರಿಂದ ಊಟ ಮುಗಿಸಿ ಮರಳಿಯೂ ಬರಬಹುದು.

ಟೇಟ್ ಮಾಡರ್ನ್ ಮತ್ತು ಬರೋ ಮಾರ್ಕೆಟ್: ನಾಲಿಗೆಗೆ ಮೊದಲ ಸ್ಥಾನ

ತಿನ್ನುವುದೇ ಮುಖ್ಯ, ಮ್ಯೂಸಿಯಂ ಜೊತೆಗಿರಲಿ ಎನ್ನುವವರು ಇದನ್ನು ಆರಿಸಿ. ಥೇಮ್ಸ್ ನದಿಯ ದಕ್ಷಿಣ ದಂಡೆಯಲ್ಲಿ, ಹಳೆಯ ವಿದ್ಯುತ್ ಸ್ಥಾವರದಲ್ಲಿ 2000ದಲ್ಲಿ ತೆರೆದ ಆಧುನಿಕ ಕಲೆಯ ಮ್ಯೂಸಿಯಂ ಟೇಟ್ ಮಾಡರ್ನ್, ಅಲ್ಲಿಂದ ಶೇಕ್ಸ್‌ಪಿಯರ್‌ನ ಗ್ಲೋಬ್ ರಂಗಮಂದಿರ ದಾಟಿ ನದಿಯ ಗುಂಟ ಹತ್ತು ಹನ್ನೆರಡು ನಿಮಿಷ ನಡೆದರೆ ಬರೋ ಮಾರ್ಕೆಟ್. ನೆಲ ಸಮತಟ್ಟು. ಆ ಸ್ಥಾವರವನ್ನು ವಿನ್ಯಾಸ ಮಾಡಿದ ಗೈಲ್ಸ್ ಗಿಲ್ಬರ್ಟ್ ಸ್ಕಾಟ್ ಅವರೇ ಲಂಡನ್ನಿನ ಕೆಂಪು ಟೆಲಿಫೋನ್ ಪೆಟ್ಟಿಗೆಯನ್ನೂ ರೂಪಿಸಿದವರು.

ಮಾರ್ಕೆಟ್ಟಿನಲ್ಲಿ ಮಾಂಸಾಹಾರಿಗೆ ಸಿಂಪಿಯಿಂದ ಹಂದಿಮಾಂಸದವರೆಗೆ ಎಲ್ಲವೂ ಉಂಟು, ಸಸ್ಯಾಹಾರಿಗೂ ಬೇಸರವಿಲ್ಲ. ದಪ್ಪ ಬ್ರೆಡ್ಡಿನ ನಡುವೆ ಬ್ರಿಟಿಷ್ ಚೀಸ್, ಈರುಳ್ಳಿ ತುಂಬಿ ಕಾವಲಿಯ ಮೇಲೆ ಒತ್ತಿ ಸುಡುವ ಟೋಸ್ಟಿಯನ್ನು ಬಿಸಿಯಿರುವಾಗಲೇ ಕಚ್ಚಬೇಕು. ಅಂಚಿನಿಂದ ಹೊರಬಿದ್ದು ಕಾವಲಿಯಲ್ಲಿ ಕೆಂಪಗೆ ಗರಿಗಟ್ಟಿದ ಚೀಸೇ ಅದರ ಸಾರ. ಬೇಸಿಗೆಯಲ್ಲಿ ಇಂಗ್ಲಿಷ್ ಸ್ಟ್ರಾಬೆರಿ ಕೊಂಡುಕೊಳ್ಳಿ. ಆದರೆ ಕೂರಲು ಜಾಗ ಸಿಗುವುದು ಕಷ್ಟ. ಶುಕ್ರವಾರ, ಶನಿವಾರ ಮಧ್ಯಾಹ್ನ ಹೆಜ್ಜೆ ಇಡಲೂ ಆಗದಷ್ಟು ಜನ. ಮಂಡಿ ನೋವಿನವರಿಗೂ ತಳ್ಳುಗಾಡಿಯ ಮಗು ಇರುವವರಿಗೂ ನಾನು ಇದನ್ನು ಸೂಚಿಸುವುದಿಲ್ಲ. ಸೋಮವಾರ ಮಾರ್ಕೆಟ್ಟಿಗೆ ರಜೆ. ವಾರದ ನಡುವೆ ಹನ್ನೊಂದರ ಹೊತ್ತಿಗೆ ಮೊದಲು ತಿಂದು, ಆಮೇಲೆ ಮ್ಯೂಸಿಯಮ್ಮಿಗೆ ಹೋಗುವುದು ಜಾಣತನ. ಆಧುನಿಕ ಕಲೆ ಎಲ್ಲರಿಗೂ ಹಿಡಿಸುವುದಿಲ್ಲ. ಹಿಡಿಸದಿದ್ದರೆ ಹಿಂದೆ ಯಂತ್ರಗಳಿದ್ದ ಟರ್ಬೈನ್ ಹಾಲ್ ಎಂಬ ಆ ಬೃಹತ್ ಅಂಗಳವನ್ನು ನೋಡಿ ಮನಸ್ಸಿಗೆ ತೃಪ್ತಿ ಮಾಡಿಕೊಂಡು ಹೊರಬರಬಹುದು.

ಗ್ರೀನಿಚ್: ದೂರ, ಆದರೆ ದಿನ ಪೂರ್ತಿ ಸಾರ್ಥಕ

ಲಂಡನ್ನಿನ ಗದ್ದಲ ಸಾಕಾಗಿದೆ, ಮಕ್ಕಳೂ ಇದ್ದಾರೆ, ಮಂಡಿಯೂ ಗಟ್ಟಿಯಿಲ್ಲ ಎನ್ನುವವರಿಗೆ ಗ್ರೀನಿಚ್ ಹೇಳಿ ಮಾಡಿಸಿದ್ದು. ಅಲ್ಲಿಗೆ ಹೋಗುವ ಡಾಕ್‌ಲ್ಯಾಂಡ್ಸ್ ಲಘು ರೈಲಿನ ಎಲ್ಲ ನಿಲ್ದಾಣಗಳಲ್ಲೂ ಲಿಫ್ಟ್ ಅಥವಾ ಇಳಿಜಾರಿನ ದಾರಿ ಇದೆ. ಚಾಲಕನ ಕೋಣೆಯಿಲ್ಲದ ರೈಲು ಅದು, ಮಕ್ಕಳನ್ನು ಎಲ್ಲಕ್ಕಿಂತ ಮುಂದಿನ ಆಸನದಲ್ಲಿ ಕೂರಿಸಿದರೆ ತಾವೇ ಓಡಿಸುತ್ತಿದ್ದೇವೆ ಎಂಬಂತೆ ಕೂರುತ್ತಾರೆ. ವೆಸ್ಟ್‌ಮಿನ್‌ಸ್ಟರ್‌ನಿಂದ ದೋಣಿಯಲ್ಲೂ ಹೋಗಬಹುದು. ಖರ್ಚು ಹೆಚ್ಚು, ಆದರೆ ಲಂಡನ್ ಸೇತುವೆ, ಟವರ್ ಸೇತುವೆಗಳೆಲ್ಲ ಕುಳಿತಲ್ಲೇ ಕಾಣುತ್ತವೆ.

ನ್ಯಾಷನಲ್ ಮ್ಯಾರಿಟೈಮ್ ಮ್ಯೂಸಿಯಂ ಉಚಿತ. 1805ರ ಟ್ರಫಾಲ್ಗರ್ ಕದನದಲ್ಲಿ ಬ್ರಿಟಿಷ್ ನೌಕಾಪಡೆಯ ನಾಯಕ ನೆಲ್ಸನ್ ತೊಟ್ಟಿದ್ದ ನೀಲಿ ಕೋಟು ಅಲ್ಲಿದೆ. ಎಡ ಭುಜದ ಪಟ್ಟಿಯ ಬಳಿ ಅವನನ್ನು ಕೊಂದ ಗುಂಡು ತೂರಿದ ತೂತು ಇನ್ನೂ ಹಾಗೆಯೇ ಇದೆ, ಬೆರಳ ತುದಿಯಷ್ಟು ಚಿಕ್ಕದು. ಈಸ್ಟ್ ಇಂಡಿಯಾ ಕಂಪನಿಯ ವ್ಯಾಪಾರವನ್ನು ಕುರಿತ ಗ್ಯಾಲರಿಯೂ ಇಲ್ಲಿದೆ. ಸಂಬಾರ ಪದಾರ್ಥ, ಬಟ್ಟೆ, ಚಹಾ ಯಾವ ದಾರಿಯಲ್ಲಿ ಹೋದವು, ಅದರ ಬೆನ್ನಿಗೆ ಏನೇನು ಬಂತು ಎಂಬುದನ್ನು ಅವರ ಕಡೆಯಿಂದ ನೋಡುವ ಅವಕಾಶ. ಪಕ್ಕದ ಕ್ವೀನ್ಸ್ ಹೌಸ್ ಕೂಡ ಉಚಿತ. ಚೀನಾದಿಂದ ಚಹಾ ತರುತ್ತಿದ್ದ, 1869ರಲ್ಲಿ ನೀರಿಗಿಳಿದ ‘ಕಟ್ಟಿ ಸಾರ್ಕ್’ ಹಡಗಿಗೂ ಗುಡ್ಡದ ಮೇಲಿನ ಖಗೋಳ ವೀಕ್ಷಣಾಲಯಕ್ಕೂ ಟಿಕೆಟ್ ಉಂಟು. ಎರಡರಲ್ಲಿ ಒಂದೇ ಎಂದಾದರೆ, ಗಡಿಯಾರ, ನಕ್ಷೆಗಳಲ್ಲಿ ಆಸಕ್ತಿಯುಳ್ಳವರು ವೀಕ್ಷಣಾಲಯಕ್ಕೆ ಹೋಗಿ. ಸಮುದ್ರದಲ್ಲಿ ರೇಖಾಂಶ ಲೆಕ್ಕಹಾಕುವ ಕಗ್ಗಂಟು ಬಿಡಿಸಿದ ಜಾನ್ ಹ್ಯಾರಿಸನ್‌ನ ಗಡಿಯಾರಗಳು ಅಲ್ಲಿನ ಹೆಮ್ಮೆ. ಗುಡ್ಡದ ಏರು ಮಾತ್ರ ಕಡಿದು, ಹಿರಿಯರು ಕೆಳಗಿನ ಉದ್ಯಾನದಲ್ಲೇ ಕೂರಲಿ.

ಅಪ್ಪಟ ಲಂಡನ್ನಿನ ಊಟ ಬೇಕಾದರೆ ನಾಲ್ಕು ಆಯ್ಕೆಗಳಲ್ಲಿ ಗ್ರೀನಿಚ್ಚೇ ಮುಂದು. ‘ಪೈ ಅಂಡ್ ಮ್ಯಾಶ್’ ಇಲ್ಲಿನ ಕೂಲಿಕಾರರ, ಹಡಗುಕಟ್ಟೆಯವರ ಊಟ. ಪೈ ಒಂದು, ಪಕ್ಕದಲ್ಲಿ ಹಿಸುಕಿದ ಆಲೂಗಡ್ಡೆ, ಮೇಲೆ ‘ಲಿಕರ್’ ಎಂಬ ಹಸಿರು ಸಾರು. ಹೆಸರು ಕೇಳಿ ಹೆದರಬೇಡಿ, ಅದರಲ್ಲಿ ಮದ್ಯವಿಲ್ಲ, ಅದು ಪಾರ್ಸ್ಲಿ ಸೊಪ್ಪಿನ ಸಾರು. ಹಿಂದೆ ಅದನ್ನು ಹಾವುಮೀನು ಬೇಯಿಸಿದ ನೀರಿನಲ್ಲಿ ಮಾಡುತ್ತಿದ್ದರು, ಹಾಗಾಗಿ ಸಸ್ಯಾಹಾರಿಗಳು ಕೇಳಿಯೇ ಹಾಕಿಸಿಕೊಳ್ಳಬೇಕು. ಸಾಂಪ್ರದಾಯಿಕ ಪೈ ದನದ ಮಾಂಸದ್ದು. 1890ರಿಂದ ಈ ವ್ಯಾಪಾರದಲ್ಲಿರುವ ಗಾಡರ್ಡ್ಸ್‌ನಲ್ಲಿ ಕೋಳಿಯ ಪೈಗಳೂ ಸಸ್ಯಾಹಾರಿ ಪೈಗಳೂ ದೊರೆಯುತ್ತವೆ. ಮೇಲೆ ಖಾರದ ವಿನೆಗರ್ ಚಿಮುಕಿಸಿಕೊಂಡರೆ ನಮ್ಮ ನಾಲಿಗೆಗೂ ಹೊಂದುತ್ತದೆ. ಅದು ಬೇಡವೆಂದರೆ ಹತ್ತಿರದಲ್ಲೇ ಮೇಲ್ಛಾವಣಿ ಇರುವ ಗ್ರೀನಿಚ್ ಮಾರ್ಕೆಟ್ ಇದೆ, ಮಳೆ ಬಂದರೂ ಚಿಂತೆಯಿಲ್ಲ.

ಇದರ ಬೆಲೆ ಸಮಯ. ನಗರದ ನಡುವಿನಿಂದ ಹೋಗಿ ಬರುವುದಕ್ಕೇ ಎರಡು ಗಂಟೆ ಹಿಡಿಯಬಹುದು. ಅರ್ಧ ದಿನ ಮಾತ್ರ ಇರುವವರು ಗ್ರೀನಿಚ್ ಆಸೆ ಬಿಡುವುದೇ ಒಳ್ಳೆಯದು.

ಬಸವಣ್ಣನನ್ನು ನೋಡಬೇಕೆನ್ನುವವರಿಗೆ

2015ರ ನವೆಂಬರ್ 14ರಂದು ಅನಾವರಣಗೊಂಡ ಬಸವೇಶ್ವರರ ಪ್ರತಿಮೆ ಥೇಮ್ಸ್ ದಂಡೆಯ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿದೆ. ನದಿಯಾಚೆಗೆ ಟೇಟ್ ಬ್ರಿಟನ್ ಎಂಬ ಕಲಾ ಮ್ಯೂಸಿಯಂ. ಇಂಗ್ಲಿಷ್ ಚಿತ್ರಕಾರ ಟರ್ನರ್‌ನ ಚಿತ್ರಗಳ ದೊಡ್ಡ ಸಂಗ್ರಹ ಇಲ್ಲಿಯದು, ಪ್ರವೇಶ ಉಚಿತ, ಬೇರೆಡೆಗಿಂತ ಜನವೂ ಕಡಿಮೆ. ಬೆಳಿಗ್ಗೆ ಪ್ರತಿಮೆ, ಸೇತುವೆ ದಾಟಿ ಟೇಟ್ ಬ್ರಿಟನ್, ಅಲ್ಲಿನ ಕಟ್ಟೆಯಿಂದ ದೋಣಿ ಹತ್ತಿ ಟೇಟ್ ಮಾಡರ್ನ್ ಬಳಿ ಇಳಿದು ಬರೋ ಮಾರ್ಕೆಟ್ಟಿನಲ್ಲಿ ತಡವಾದ ಊಟ. ನಡೆಯಬಲ್ಲ ದಂಪತಿಗೆ ಇದು ಸೊಗಸಾದ ದಿನ. ಟೇಟ್ ಬ್ರಿಟನ್ ಸುತ್ತ ಒಳ್ಳೆಯ ಊಟ ಹುಡುಕುತ್ತ ಅಲೆಯಬೇಡಿ, ಆ ಬೀದಿಗಳಲ್ಲಿ ಹೆಚ್ಚೇನೂ ಇಲ್ಲ.

ದಿನ, ಬುಕಿಂಗ್, ಬಸ್ಸು

ಶುಕ್ರವಾರ ಸಿಕ್ಕರೆ ಎರಡು ಮ್ಯೂಸಿಯಂ ಸೇರಿಸಬಹುದು: ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಆ ದಿನ ರಾತ್ರಿ ಹತ್ತರವರೆಗೆ ತೆರೆದಿರುತ್ತದೆ, ಸಂಜೆ ಜನವೂ ತೆಳು. ಉಳಿದ ದಿನಗಳಲ್ಲಿ ಬ್ರಿಟಿಷ್ ಮ್ಯೂಸಿಯಂ ಮತ್ತು ಗ್ರೀನಿಚ್ಚಿನ ಮ್ಯಾರಿಟೈಮ್ ಮ್ಯೂಸಿಯಂ ಐದಕ್ಕೇ ಮುಚ್ಚುತ್ತವೆ, ಉಳಿದವು ಬಹುಪಾಲು ಆರರ ಆಸುಪಾಸಿನಲ್ಲಿ. ಅಂಥ ದಿನ ಒಂದೇ ಸಾಕು. ಪ್ರವೇಶ ಉಚಿತವಾದರೂ ಬ್ರಿಟಿಷ್ ಮ್ಯೂಸಿಯಂ ಮತ್ತು ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂಗಳಿಗೆ ಸಮಯ ಗೊತ್ತುಮಾಡಿದ ಉಚಿತ ಟಿಕೆಟ್ಟನ್ನು ಜಾಲತಾಣದಲ್ಲಿ ಮೊದಲೇ ಪಡೆದರೆ ಸಾಲಿನಲ್ಲಿ ಕಾಯುವುದು ತಪ್ಪುತ್ತದೆ. ವಿಶೇಷ ಪ್ರದರ್ಶನಗಳಿಗೆ ಮಾತ್ರ ದುಡ್ಡು. ಚಕ್ರದ ಸೂಟ್‌ಕೇಸ್ ತರಬೇಡಿ, ಬ್ರಿಟಿಷ್ ಮ್ಯೂಸಿಯಂ ಅದನ್ನು ಒಳಗೆ ಬಿಡುವುದಿಲ್ಲ. ಬಜೆಟ್ ಬಿಗಿಯಿದ್ದವರು ಟ್ಯೂಬ್ ಬಿಟ್ಟು ಕೆಂಪು ಬಸ್ಸಿನಲ್ಲೇ ಓಡಾಡಿ: ಒಮ್ಮೆ ಕಾರ್ಡ್ ತಾಗಿಸಿದರೆ ಒಂದು ಗಂಟೆಯೊಳಗೆ ಎಷ್ಟು ಬಸ್ ಬದಲಿಸಿದರೂ ಮತ್ತೆ ದುಡ್ಡಿಲ್ಲ. ನಗದು ತೆಗೆದುಕೊಳ್ಳುವುದಿಲ್ಲ. ಒಬ್ಬೊಬ್ಬರಿಗೂ ಒಂದೊಂದು ಕಾರ್ಡ್ ಬೇಕು, ಭಾರತದ ಬ್ಯಾಂಕ್ ಕಾರ್ಡ್ ಬಳಸುವವರು ವಿದೇಶಿ ವಹಿವಾಟಿನ ಶುಲ್ಕ ಎಷ್ಟೆಂದು ಹೊರಡುವ ಮೊದಲೇ ಬ್ಯಾಂಕಿನಲ್ಲಿ ಕೇಳಿಕೊಳ್ಳಿ.